ಟೇಪಮ್ಮನ ನಕ್ಷೆ

ಟೇಪಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಮತದಾರರ ಪಟ್ಟಿಯಲ್ಲಿ ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು, ಊರಿನವರು ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಬೆಳಗ್ಗೆ ಮುಖ ತೊಳೆದ ಕೂಡಲೇ ಅಳತೆಯ ಟೇಪು ಕೊರಳಿಗೆ ಬಿದ್ದರೆ ಮತ್ತೆ ಅದು ಕೆಳಗಿಳಿಯುತ್ತಿದ್ದುದು ಮಲಗುವ ಹೊತ್ತಿಗೇ. ಆಸ್ಪತ್ರೆಗೆ ಹೋದರೂ ಟೇಪು, ಮದುವೆಗೆ ಹೋದರೂ ಟೇಪು. ಒಂದು ಸಲ ಫೋಟೋ ಸ್ಟುಡಿಯೋದವನು "ಅದೊಂದು ತೆಗೀರಮ್ಮ" ಎಂದದ್ದಕ್ಕೆ, "ತೆಗೆದ್ರೆ ಫೋಟೋದಲ್ಲಿರೋದು ನಾನೇ ಅಂತ ಯಾರಪ್ಪ ನಂಬ್ತಾರೆ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದಳು.

ಎದುರಿಗೆ ಬಂದವರ ಮುಖವನ್ನು ಅವಳು ಆಮೇಲೆ ನೋಡುವುದು. ಮೊದಲು ಭುಜ, ಆಮೇಲೆ ಸೊಂಟ, ಕೊನೆಗೆ ಮುಖ. ಅವಳ ಕೈಯ ಇನ್ನೊಂದು ಅಭ್ಯಾಸವೆಂದರೆ ಒಳಗೆ ಬಟ್ಟೆ ಬಿಡುವುದು. ಹೊಲಿಗೆಯ ಗೆರೆಯಿಂದಾಚೆ ಎಲ್ಲರೂ ಅಷ್ಟಿಷ್ಟು ಬಟ್ಟೆ ಬಿಡುತ್ತಾರೆ, ಹಾಗೆ ಬಿಟ್ಟರೆ ಮುಂದೆ ಮೈ ಬಂದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಟೇಪಮ್ಮ ಮಾತ್ರ ಎರಡು ಬೆರಳು ಹೆಚ್ಚೇ ಬಿಡುತ್ತಿದ್ದಳು. "ಮನುಷ್ಯ ಅಂದ್ಮೇಲೆ ಮೈ ಬರತ್ತೆ, ಇಳಿಯತ್ತೆ. ಬಟ್ಟೆ ಅವನ ಜೊತೆ ನಡೀಬೇಕು" ಎನ್ನುವಳು. ಚಹಾಕ್ಕೆ ನೀರಿಡುವಾಗಲೂ ಯಾರಾದರೂ ಬಂದಾರೆಂದು ಒಂದು ಲೋಟ ಹೆಚ್ಚು ಇಡುತ್ತಿದ್ದಳು, ಬಸ್ಸಿಗೆ ಹೊರಟರೆ ಅದಕ್ಕೂ ಮುಂಚಿನ ಬಸ್ಸೇ ಸಿಗುವಷ್ಟು ಬೇಗ ಹೊರಡುತ್ತಿದ್ದಳು.

ಅಂಗಡಿ ಮಾತ್ರ ಅಷ್ಟು ಧಾರಾಳವಾಗಿರಲಿಲ್ಲ. ಪೇಟೆಬೀದಿಯಲ್ಲಿ ಗಡಿಯಾರ ರಿಪೇರಿಯವನ ಪಕ್ಕ ಬಾಡಿಗೆಗೆ ಹಿಡಿದಿದ್ದ ಇಕ್ಕಟ್ಟಾದ ಕೋಣೆ ಅದು. ಒಳಗೋಡೆಗೆ ಒತ್ತಿ ಅವಳ ಮಷೀನು, ಅದರ ಪಕ್ಕದಲ್ಲಿ ಬಟ್ಟೆ ತೊಟ್ಟು ನೋಡಲು ಒಂದು ಪರದೆ, ಕೋಟಿನಂಥ ದಪ್ಪ ಬಟ್ಟೆಗೆಂದು ಇನ್ನೊಂದು ಮಷೀನು, ನಡುವೆ ಕಟಿಂಗ್ ಟೇಬಲ್ಲು. ಮೂರನೆಯ ಮಷೀನು ಹೊಸ್ತಿಲ ಮೇಲೇ ಇತ್ತು ಎಂದರೂ ಸರಿಯೆ. ಅಲ್ಲಿ ಕೂರುತ್ತಿದ್ದವಳು ನಾದಿನಿ, ಟೇಪಮ್ಮನ ಗಂಡನ ತಂಗಿ.

ನಾದಿನಿ ಒಮ್ಮೆ ಮದುವೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ಒಂದು ಟ್ರಂಕು ಹಿಡಿದು ವಾಪಸ್ಸು ಬಂದವಳು. ಏನಾಯಿತೆಂದು ಅವಳು ಹೇಳಲಿಲ್ಲ, ಅಣ್ಣ ಅತ್ತಿಗೆ ಕೆದಕಲೂ ಇಲ್ಲ. ಅಂದಿನಿಂದ ಅಣ್ಣನ ಮನೆಯ ಹಾಲಿನಲ್ಲಿ ಮಲಗುವುದು, ನೆಂಟರು ಬಂದರೆ ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋಗುವುದು. ಅಂಗಡಿಯಲ್ಲೂ ಅದೇ ಕತೆ. ಬಂದ ಗಿರಾಕಿಗಳೆಲ್ಲ "ಸ್ವಲ್ಪ ಸರೀತೀರಾ?" ಎನ್ನುತ್ತಿದ್ದರು. ಅವಳು ಅರ್ಧ ಹಾಕಿದ ಹೊಲಿಗೆ ನಿಲ್ಲಿಸಿ, ಸ್ಟೂಲು ಎತ್ತಿಕೊಂಡು ಗೋಡೆಗೆ ಅಂಟಿಕೊಳ್ಳುವಳು. ಗಿರಾಕಿ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಅವಳು ಗಂಟು ಹಾಕದಿದ್ದುದೇ ಟೇಪಮ್ಮನಿಗೆ ಚುಚ್ಚುತ್ತಿತ್ತು.

ಹೀಗಿರುವಾಗ ಅಂಗಡಿ ಸಾಲಿನ ಮಾಲೀಕರು ಹಳೆಯ ಕಟ್ಟಡ ಕೆಡವುವುದಾಗಿ ಹೇಳಿ ಕಳಿಸಿದರು. ಮಳೆಗಾಲ ಶುರುವಾಗುವ ಮೊದಲು ಎಲ್ಲರೂ ಖಾಲಿ ಮಾಡಬೇಕು. ಗಡಿಯಾರದವನು ತಲೆ ಮೇಲೆ ಕೈಹೊತ್ತು ಕುಳಿತ. ಟೇಪಮ್ಮ ಕೂರಲಿಲ್ಲ. ಅವತ್ತು ಸಂಜೆ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಮನೆಗೂ ಪಕ್ಕದವರ ಕಾಂಪೌಂಡಿಗೂ ನಡುವೆ ಇದ್ದ ಖಾಲಿ ಜಾಗಕ್ಕೆ ಹೋಗಿ ಟೇಪು ಹಿಡಿದಳು. ಅಗಲ ಹದಿಮೂರು ಅಡಿ ಬಂತು.

"ಇಲ್ಲೇ ಒಂದು ಕೋಣೆ ಕಟ್ಟೋಣ ರೀ" ಎಂದಳು.

ಗಂಡ ನಿವೃತ್ತ ಬಸ್ ಕಂಡಕ್ಟರ್. ಸೀಟಿ ಊದುವುದು ನಿಂತಿದ್ದರೂ ಮಾತು ನಿಂತಿರಲಿಲ್ಲ. "ಕೋಣೆ ಯಾಕೆ? ನಲವತ್ತು ಸೀಟಿನ ಬಸ್ಸಲ್ಲಿ ತೊಂಬತ್ತು ಜನ ತುಂಬಿದವನು ನಾನು. ಮೂರು ಮಷೀನೂ ಹಾಲಲ್ಲೇ ಹಾಕು. ಎಲ್ರೂ ಸ್ವಲ್ಪ ಸ್ವಲ್ಪ ಸರಿದ್ರೆ ಜಾಗ ತಾನಾಗೇ ಆಗತ್ತೆ."

"ಸರಿದೂ ಸರಿದೂ ನಿಮ್ಮ ತಂಗಿ ಬೀದಿಗೆ ಬಂದಿದ್ದಾಳೆ. ಇನ್ನೊಂದು ಸಲ ಸರಿ ಅಂದ್ರೆ ಚರಂಡಿಗೆ ಬೀಳ್ತಾಳೆ" ಎಂದಳು ಟೇಪಮ್ಮ. ಆಮೇಲೆ ಅವಳು ನಾದಿನಿಯ ಕಡೆ ತಿರುಗಿ, "ಈ ಸಲ ನಿನ್ನ ಮಷೀನು ಕಿಟಕಿ ಪಕ್ಕಕ್ಕೆ ಕಣೆ. ಬಾಗಿಲಿನ ಸಹವಾಸವೇ ಬೇಡ" ಎಂದಳು. ನಾದಿನಿ ನಕ್ಕಳು. ನಂಬಿದ ನಗು ಅದಲ್ಲ, ಅತ್ತಿಗೆಯ ಮನಸ್ಸು ಮುರಿಯಬಾರದೆಂದು ನಕ್ಕ ನಗು.

ಕೋಣೆ ಕಟ್ಟಬೇಕಾದರೆ ಪುರಸಭೆಯ ಪರವಾನಗಿ ಬೇಕು, ಪರವಾನಗಿಗೆ ನಕ್ಷೆ ಬೇಕು. ನಕ್ಷೆ ಬರೆದುಕೊಡುವವರು ಬಸ್ ನಿಲ್ದಾಣದ ಎದುರಿಗೇ ಇದ್ದಾರೆ ಎಂದು ಕಂಡಕ್ಟರು ಹೇಳಿನೋಡಿದರು. ಟೇಪಮ್ಮನಿಗೆ ಅದು ಅವಮಾನದ ಮಾತಾಗಿ ಕೇಳಿಸಿತು. "ಇಡೀ ಊರಿನ ಮೈ ಅಳೆದಿದ್ದೀನಿ. ಅಲ್ಲಾಡದೆ ನಿಂತಿರೋ ನಾಲ್ಕು ಗೋಡೆ ಅಳೆಯೋಕೆ ಇನ್ನೊಬ್ಬರ ಕೈಕಾಲು ಹಿಡೀಬೇಕಾ?" ಎಂದು ಟೊಂಕ ಕಟ್ಟಿ ನಿಂತೇಬಿಟ್ಟಳು.

ಅವಳಿಗೆ ಗೊತ್ತಿದ್ದ ನಕ್ಷೆ ಒಂದೇ ಬಗೆಯದು. ಅಂಗಿ ಹೊಲಿಯುವ ಮೊದಲು ಖಾಕಿ ಕಾಗದದ ಮೇಲೆ ಅಂಗಿಯಷ್ಟೇ ದೊಡ್ಡದಾಗಿ ಗೆರೆ ಎಳೆದು ಕತ್ತರಿಸಿಕೊಳ್ಳುತ್ತಾರಲ್ಲ, ಅದು. ಕೋಣೆಗೂ ಹಾಗೆಯೇ ಮಾಡಿದಳು. ಅತ್ತಿಗೆ ನಾದಿನಿ ಇಬ್ಬರೂ ಸೇರಿ ಒಂದು ರಾಶಿ ಖಾಕಿ ಕಾಗದವನ್ನು ಅಂಟು ಹಾಕಿ ಜೋಡಿಸಿ, ಆ ಖಾಲಿ ಜಾಗದಲ್ಲೇ ಹಾಸಿ, ನಾಲ್ಕು ಮೂಲೆಗೆ ಇಸ್ತ್ರಿಪೆಟ್ಟಿಗೆ, ಕಲ್ಲು, ಕೊಡಪಾನ ಇಟ್ಟರು. ಟೇಪಮ್ಮ ಮಂಡಿಯೂರಿ ಗೆರೆ ಎಳೆದಳು. ಇಲ್ಲಿ ಟೇಬಲ್ಲು, ಇಲ್ಲಿ ತನ್ನ ಮಷೀನು, ಇಲ್ಲಿ ದಪ್ಪ ಬಟ್ಟೆಯದು, ಕಿಟಕಿ ಪಕ್ಕ ನಾದಿನಿಯದು, ಗಿರಾಕಿ ಓಡಾಡಲು ದಾರಿ. ಎಲ್ಲ ಸೇರಿ ಕೋಣೆಯ ಅಗಲ ಸರಿಯಾಗಿ ಹತ್ತು ಅಡಿ. ಕಾಂಪೌಂಡಿನ ಕಡೆ ಮೂರಡಿ ಬಿಡಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು, ಹತ್ತೂ ಮೂರೂ ಹದಿಮೂರು, ಲೆಕ್ಕ ಸರಿಹೋಯಿತು. ಅದಾದಮೇಲೆ ಕೈ ಸುಮ್ಮನಿರಬೇಕಲ್ಲ? ತಲೆಯನ್ನು ಒಂದು ಮಾತೂ ಕೇಳದೆ ಅದು ಸುತ್ತಲೂ ಅರ್ಧ ಅರ್ಧ ಅಡಿ ಬಿಟ್ಟು ಚುಕ್ಕಿಗೆರೆ ಎಳೆದು, ಆ ಗೆರೆಯ ಮೇಲೇ ಕಾಗದ ಕತ್ತರಿಸಿಬಿಟ್ಟಿತು.

ಅವರು ಗೆರೆ ಎಳೆಯುವಷ್ಟು ಹೊತ್ತೂ ಕಾಂಪೌಂಡಿನಾಚೆಯಿಂದ ತುತ್ತೂರಿಯ ಸದ್ದು ಕೇಳುತ್ತಲೇ ಇತ್ತು. ಆಚೆ ಮನೆಯಲ್ಲಿದ್ದವರು ಊರಿನ ವಾದ್ಯತಂಡದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಬ್ಯಾಂಡ್ ಮೇಷ್ಟ್ರು. ಟೇಪಮ್ಮನಿಗೂ ಅವರಿಗೂ ಎಂಟು ವರ್ಷದಿಂದ ಮಾತಿಲ್ಲ.

ಕಾರಣ ಒಂದು ಕೆಂಪು ಕೋಟು. ಕ್ರೀಡಾಕೂಟದ ಪಥಸಂಚಲನಕ್ಕೆಂದು ಮೇಷ್ಟ್ರು ಅದನ್ನು ಹೊಲಿಸಿದ್ದರು. ಮೈಗೆ ಅಂಟಿಕೊಂಡಂತೆ ಇರಬೇಕು ಎಂದು ಪಟ್ಟು ಹಿಡಿದವರು ಅವರೇ. "ಒಂದೆರಡು ಬೆರಳು ಸಡಿಲ ಇರಲಿ ಮೇಷ್ಟ್ರೇ" ಎಂದರೆ, "ಈ ಮೈ ಇನ್ನು ಬರಲ್ಲ ಟೇಪಮ್ಮ, ಬರೋದೆಲ್ಲ ಬಂದಾಯ್ತು" ಎಂದಿದ್ದರು. ಮೈದಾನದ ನಡುವೆ ತಂಡಕ್ಕೆ ಸನ್ನೆ ಕೊಡಲು ಎರಡೂ ಕೈ ಎತ್ತಿದ್ದೇ ತಡ, ಬೆನ್ನ ಹೊಲಿಗೆ ಕಾಲರಿನಿಂದ ಕೆಳಗಿನವರೆಗೂ ಪರ್‍ರೆಂದು ಬಿಟ್ಟಿತು. ಊರಿಗೆ ಊರೇ ನಕ್ಕಿತು. ಮೇಷ್ಟ್ರು ದಾರ ಕೊಳೆತದ್ದು ಎಂದರು. ಟೇಪಮ್ಮ ದಾರದ ತಪ್ಪಲ್ಲ ಹೊಟ್ಟೆಯ ತಪ್ಪು ಎಂದಳು. ಅಲ್ಲಿಗೆ ಮುಗಿಯಿತು.

ಹಾಗೆ ನೋಡಿದರೆ ಹರಿದದ್ದು ಹೊಲಿಗೆ ಮಾತ್ರ, ಬಟ್ಟೆಯಲ್ಲ. ಅವರು ಬೇಡವೆಂದರೂ ಟೇಪಮ್ಮ ಒಳಗೆ ಎರಡು ಬೆರಳು ಬಿಟ್ಟೇ ಇದ್ದಳು. ಅರ್ಧ ಗಂಟೆಯ ಕೆಲಸ. ಆದರೆ ಅವರೇ ಕೋಟು ಹಿಡಿದು ಬರಲಿ ಎಂದು ಇವಳು ಕಾದಳು, ಇವಳೇ ಬಂದು ಕೇಳಲಿ ಎಂದು ಅವರು ಕಾದರು. ಮೇಷ್ಟ್ರ ಹೆಂಡತಿ ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳದೆ, ಗಂಡ ವಾದ್ಯಾಭ್ಯಾಸಕ್ಕೆ ಹೋದ ಹೊತ್ತು ನೋಡಿ ಕಾಂಪೌಂಡಿನ ಮೇಲಿಂದ ಬಟ್ಟೆ ಕೊಟ್ಟು ಟೇಪಮ್ಮನ ಕೈಲೇ ಹೊಲಿಸಿಕೊಳ್ಳುತ್ತಿದ್ದರು.

ಕಾಗದದ ಅಂಟು ಒಣಗಿದ ಮೇಲೆ ಟೇಪಮ್ಮ ಅದನ್ನು ಹಾಸಿಗೆಯ ಹೊದಿಕೆಯಂತೆ ಮಡಚಿ ಕಂಕುಳಲ್ಲಿ ಇರುಕಿಕೊಂಡು ಪುರಸಭೆ ಕಚೇರಿಗೆ ಹೋದಳು.

"ನಕ್ಷೆ ಎಲ್ಲಮ್ಮ?" ಎಂದ ಕೌಂಟರಿನ ಗುಮಾಸ್ತ.

"ಇದೇ."

"ಇದು ಕಂಬಳಿ ಅಲ್ವಾ?"

"ಬಿಡಿಸಿದ್ರೆ ಗೊತ್ತಾಗತ್ತೆ. ಆ ಬೆಂಚು ಸ್ವಲ್ಪ ಹಿಂದಕ್ಕೆ ಹಾಕಿಸಿ."

ಒಂದು ಬೆಂಚು ಹೋಯಿತು, ಇನ್ನೊಂದು ಹೋಯಿತು, ಕುರ್ಚಿಗಳು ಗೋಡೆ ಸೇರಿದವು. ಕಾಯುತ್ತ ಕುಳಿತಿದ್ದ ಜನ ಕಾಲೆತ್ತಿಕೊಂಡರು. ಟೇಪಮ್ಮ ಒಂದು ಮಡಿಕೆ ಬಿಚ್ಚಿದಳು, ಮತ್ತೊಂದು ಬಿಚ್ಚಿದಳು, ಬಿಚ್ಚುತ್ತಲೇ ಹೋದಳು. ಎಷ್ಟು ಮಾಡಿದರೂ ಅವಳ ಕೋಣೆ ಕಚೇರಿಯ ಕೋಣೆಯೊಳಗೆ ಹಿಡಿಸಲಿಲ್ಲ, ಒಂದು ಮೂಲೆ ಕಡತಗಳ ಬೀರುವಿನ ಮೇಲಕ್ಕೆ ಹತ್ತಿ ನಿಂತಿತು. "ಅಜ್ಜಾ, ನೀವು ನನ್ನ ಕಟಿಂಗ್ ಟೇಬಲ್ ಮೇಲೆ ನಿಂತಿದ್ದೀರಿ" ಎಂದು ಅವಳು ಒಬ್ಬ ಮುದುಕರಿಗೆ ಹೇಳಿದಾಗ ಅವರು ಗಾಬರಿಯಾಗಿ, "ತಪ್ಪಾಯ್ತಮ್ಮ" ಎಂದು ಕೆಳಗಿಳಿಯುವವರಂತೆ ಪಕ್ಕಕ್ಕೆ ಹೆಜ್ಜೆ ಹಾಕಿದರು.

ಗದ್ದಲ ಕೇಳಿ ಒಳಗಿನಿಂದ ಇಂಜಿನಿಯರ್ ಬಂದರು. ಕನ್ನಡಕದ, ನಡುವಯಸ್ಸಿನ, ಅಷ್ಟು ಸುಲಭಕ್ಕೆ ನಗದ ಹೆಂಗಸು. ಕಟ್ಟಡದ ಪರವಾನಗಿಗಳೆಲ್ಲ ಅವರ ಕೈ ದಾಟಿಯೇ ಹೋಗಬೇಕು. ಬಾಗಿಲಲ್ಲಿ ನಿಂತು ಒಂದಿಷ್ಟು ಹೊತ್ತು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ನಕ್ಷೆ ಅಂದ್ರೆ ಹಾಳೆ ಮೇಲೆ ಚಿಕ್ಕದಾಗಿ ಬರೀಬೇಕಮ್ಮ."

"ಚಿಕ್ಕದಾಗಿ ಬರೆದ್ರೆ ಚಿಕ್ಕದೇ ಆಗಲ್ವಾ ಮೇಡಂ? ಗೊಂಬೆ ಅಳತೆಗೆ ಕತ್ತರಿಸಿ ಮನುಷ್ಯರಿಗೆ ತೊಡಿಸೋಕಾಗತ್ತಾ?"

ಇಂಜಿನಿಯರ್ ಕಾಗದದ ಮೇಲೆ ಕಾಲಿಡಹೋದರು. "ಚಪ್ಪಲಿ ಬಿಟ್ಟು ಬನ್ನಿ, ಹರಿಯತ್ತೆ" ಎಂದಳು ಟೇಪಮ್ಮ. ಅವರು ಬಿಟ್ಟರು. ಅವರು ಬಿಟ್ಟದ್ದು ನೋಡಿ ಗುಮಾಸ್ತನೂ ಬಿಟ್ಟ. ಇಬ್ಬರೂ ಬಾಗಿಲೆಂದು ಬರೆದಿದ್ದ ಕಡೆಯಿಂದಲೇ ಒಳಗೆ ಬಂದರು, ಯಾಕೆಂದು ಕೇಳಿದ್ದರೆ ಅವರಿಗೇ ಗೊತ್ತಿರಲಿಲ್ಲ.

"ಎಲ್ಲ ಚೆನ್ನಾಗಿದೆ. ಗೋಡೆ ಎಲ್ಲಿ?"

"ಇದೇ ಗೆರೆ."

"ಇದು ಗೆರೆ. ಗೋಡೆಗೆ ದಪ್ಪ ಇರಲ್ವೇನಮ್ಮ?"

ಟೇಪಮ್ಮ ಬೆಪ್ಪಾದಳು. ಜೀವಮಾನವೆಲ್ಲ ಬಟ್ಟೆಯ ಜೊತೆ ಬದುಕಿದವಳು, ಎರಡು ಬಟ್ಟೆ ಸೇರುವ ಕಡೆ ಒಂದು ಗೆರೆ ಸಾಕು. ಗೋಡೆಯೆಂಬುದು ಜಾಗ ತಿನ್ನುತ್ತದೆ ಎಂಬುದು ಅವಳ ಕನಸಿನಲ್ಲೂ ಬಂದಿರಲಿಲ್ಲ. ಅಷ್ಟರಲ್ಲಿ ಇಂಜಿನಿಯರ್ ಕಣ್ಣು ಸುತ್ತಲಿನ ಚುಕ್ಕಿಗೆರೆಯ ಮೇಲೆ ಬಿತ್ತು.

"ಈ ಅರ್ಧ ಅಡಿ ಯಾಕೆ ಬಿಟ್ಟಿದ್ದೀರಿ?"

"ಒಳಗೆ ಬಿಟ್ಟಿದ್ದು ಮೇಡಂ. ಮುಂದೆ ಬಿಗಿಯಾದ್ರೆ ಬಿಚ್ಚಿ ದೊಡ್ಡದು ಮಾಡೋಕೆ."

"ಗೋಡೆ ಬಿಚ್ಚಿ ಹೊಲೀತೀರಾ?"

ಮಾತು ಬಾಯಿಂದ ಬಿದ್ದ ಮೇಲೆ ಇಂಜಿನಿಯರಿಗೇ ನಗು ತಡೆಯಲಾಗಲಿಲ್ಲ. ಗುಮಾಸ್ತ ನಕ್ಕ, ಅಜ್ಜ ನಕ್ಕರು, ಕೊನೆಗೆ ಟೇಪಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನಗು ಇಳಿದ ಮೇಲೆ ಇಂಜಿನಿಯರ್ ಹೇಳಿದರು, "ಒಂದು ಲೆಕ್ಕಕ್ಕೆ ಬಿಟ್ಟಿದ್ದೇ ಒಳ್ಳೇದಾಯ್ತು. ಆ ಅರ್ಧ ಅಡಿ ಗೋಡೆಗೆ ಆಗತ್ತೆ. ಆದ್ರೆ ಹೊರಗಿನ ಅಳತೆ ಹನ್ನೊಂದು ಬಂತು. ಕಾಂಪೌಂಡಿಗೆ ಉಳಿಯೋದು ಎರಡೇ ಅಡಿ. ಮೂರು ಬೇಕಲ್ಲ."

"ಒಂದಡಿ ಕಡಿಮೆ ಮಾಡಿದ್ರೆ?"

"ಒಳಗೆ ಒಂಬತ್ತಾಗತ್ತೆ."

ಟೇಪಮ್ಮ ಕಾಗದದ ಮೇಲೆ ನೋಡಿದಳು. ಒಂದಡಿ ತೆಗೆದರೆ ಎಲ್ಲಿಂದ ತೆಗೆಯುವುದು? ಟೇಬಲ್ಲು ಕುಗ್ಗುವುದಿಲ್ಲ, ಗಿರಾಕಿಯ ದಾರಿ ಕುಗ್ಗುವುದಿಲ್ಲ. ಹೋಗುವುದು ಕಿಟಕಿಯ ಪಕ್ಕದ್ದೇ. ಉದ್ದಕ್ಕೆ ಎಳೆಯೋಣವೆಂದರೆ ಹಿಂದೆ ನೀರಿನ ತೊಟ್ಟಿ, ಮುಂದೆ ಬೀದಿ.

"ಇನ್ನೊಂದು ದಾರಿ ಇದೆ" ಎಂದರು ಇಂಜಿನಿಯರ್. "ಪಕ್ಕದ ಮನೆಯವರು ನಮ್ಮ ಅಭ್ಯಂತರ ಇಲ್ಲ ಅಂತ ಬರೆದು ಸಹಿ ಹಾಕಿದ್ರೆ ಎರಡಡಿಗೂ ಮಂಜೂರು ಮಾಡಬಹುದು. ತಿಂಗಳ ಕೊನೆಯೊಳಗೆ ತನ್ನಿ. ಆಮೇಲಾದ್ರೆ ಮಳೆಗಾಲ ಮುಗಿಯೋವರೆಗೂ ಆಗಲ್ಲ. ಪಕ್ಕದವರ ಜೊತೆ ಚೆನ್ನಾಗಿದ್ದೀರಿ ತಾನೆ?"

ಟೇಪಮ್ಮ ಕಾಗದ ಮಡಚತೊಡಗಿದಳು. ಬರುವಾಗ ಅಷ್ಟು ಸಲೀಸಾಗಿ ಬಿಚ್ಚಿಕೊಂಡದ್ದು ಈಗ ಎಷ್ಟು ಮಡಚಿದರೂ ಸರಿಯಾಗಲಿಲ್ಲ. ಕೊನೆಗೆ ಅದನ್ನು ಕಚೇರಿಯಲ್ಲೇ ಬಿಟ್ಟು ಬಂದಳು.

ಮನೆಯಲ್ಲಿ ವಿಷಯ ಕೇಳಿ ಕಂಡಕ್ಟರೂ ತಮಾಷೆ ಮಾಡಲಿಲ್ಲ. ನಾದಿನಿಯೇ ಮೊದಲು ಮಾತಾಡಿದಳು. "ಒಂಬತ್ತೇ ಇರಲಿ ಅತ್ತಿಗೆ. ನಾನು ಹೊರಗೆ ಜಗಲಿ ಮೇಲೆ ಕೂತ್ಕೋತೀನಿ. ಗಾಳಿ ಚೆನ್ನಾಗಿರತ್ತೆ."

"ಮಳೆ ಬಂದ್ರೆ?"

"ಸ್ವಲ್ಪ ಒಳಗೆ ಸರೀತೀನಿ."

ಟೇಪಮ್ಮನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು, ಅದರ ಬೆನ್ನಿಗೇ ಅಳು. ಟ್ರಂಕು ಹಿಡಿದು ಬಂದ ದಿನ ಈ ಹುಡುಗಿ ಹೀಗೇ ಬಾಗಿಲಲ್ಲಿ ನಿಂತು, "ಅತ್ತಿಗೆ, ನನಗೆ ಹೆಚ್ಚು ಜಾಗ ಬೇಡ" ಎಂದಿದ್ದಳು. ಅವತ್ತು "ಒಳಗೆ ಬಾ" ಎಂದು ಕೈಹಿಡಿದು ಕರೆದವಳು ತಾನು. ಕರೆದು ಎಲ್ಲಿ ಕೂರಿಸಿದೆ? ಹೊಸ್ತಿಲ ಮೇಲೆ. ಊರಿನವರ ಬಟ್ಟೆಯಲ್ಲೆಲ್ಲ ಒಳಗೆ ಬಿಟ್ಟು ಬಿಟ್ಟು ಹೊಲಿದವಳಿಗೆ, ಮನೆಯವಳಿಗೆ ಒಂದು ಸ್ಟೂಲಿನಷ್ಟು ಜಾಗ ಬಿಡಲು ಆಗಿರಲಿಲ್ಲ. ಸೂಜಿಡಬ್ಬಿ ಎತ್ತಿಕೊಂಡು ಅವಳು ಸೀದಾ ಬೀದಿಗಿಳಿದಳು. ಪಕ್ಕದ ಮನೆಯ ಗೇಟು ತಳ್ಳಿದಾಗ ಅದು ಎಂಟು ವರ್ಷದ ಸಿಟ್ಟನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವಂತೆ ಕಿರುಗುಟ್ಟಿತು.

ಬ್ಯಾಂಡ್ ಮೇಷ್ಟ್ರು ಕುರ್ಚಿಯಲ್ಲಿ ಕೂತು ತುತ್ತೂರಿ ಒರೆಸುತ್ತಿದ್ದರು. ತಲೆಯೆತ್ತಿದರು, ಟೇಪು ಕಂಡಿತು, ತಲೆ ತಗ್ಗಿಸಿದರು. "ಬಂದವರಿಗೆ ಏನು ಬೇಕಂತೆ ಕೇಳು" ಎಂದರು ಹೆಂಡತಿಗೆ.

"ನಿಮ್ಮ ಮೂಗಿನ ಮುಂದೇನೇ ನಿಂತಿದ್ದಾರೆ, ನೀವೇ ಕೇಳ್ರಿ. ನಾನೇನು ಟಪಾಲಿನವಳಾ?" ಎಂದರು ಹೆಂಡತಿ.

ಟೇಪಮ್ಮ ಸುತ್ತಿಬಳಸದೆ ಹೇಳಿದಳು. ಕೋಣೆ, ಗೋಡೆ, ಒಂದಡಿ, ಸಹಿ. ಮೇಷ್ಟ್ರು ಕೇಳುತ್ತ ಕೇಳುತ್ತ ತುತ್ತೂರಿಯನ್ನು ಒರೆಸಿದ ಕಡೆಯೇ ಒರೆಸಿದರು.

"ಊರಿನ ಎದುರು ನನ್ನ ಬೆನ್ನು ಬಿಚ್ಚಿ ತೋರಿಸಿದವರಿಗೆ ನಾನು ಒಂದಡಿ ಬಿಟ್ಟುಕೊಡಬೇಕಾ?"

"ಆ ಕೋಟು ಇದೆಯಾ ಮೇಷ್ಟ್ರೇ?"

"ಯಾಕೆ?"

"ಬಿಚ್ಚಬೇಕು."

"ಇನ್ನೂ ಬಿಚ್ಚೋಕೆ ಅದರಲ್ಲಿ ಏನು ಉಳಿದಿದೆ?"

"ಉಳಿದಿದೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೀನಿ. ಅವತ್ತೇ ಬಂದು ಹೇಳಬೇಕಿತ್ತು. ನೀವೇ ಬರಲಿ ಅಂತ ಬಿಗಿದುಕೊಂಡು ಕೂತೆ. ತಪ್ಪು ನಂದೇ."

ಮೇಷ್ಟ್ರು ಏನಾದರೂ ಅನ್ನುವ ಮೊದಲೇ ಅವರ ಹೆಂಡತಿ ಕೋಟು ತಂದು ಟೇಪಮ್ಮನ ಮಡಿಲಿಗೆ ಹಾಕಿದರು. ಈ ಗಳಿಗೆಗೆಂದೇ ಇಸ್ತ್ರಿ ಮಾಡಿ ಇಟ್ಟಿದ್ದರೋ ಏನೋ, ಒಂದು ಸುಕ್ಕೂ ಇರಲಿಲ್ಲ. ಟೇಪಮ್ಮ ಸಣ್ಣ ಕತ್ತರಿಯಿಂದ ಲೈನಿಂಗಿನ ಅಂಚು ಬಿಡಿಸಿ ತೋರಿಸಿದಳು. ಬೆನ್ನ ಎರಡೂ ಕಡೆ ಎರಡೆರಡು ಬೆರಳು ಕೆಂಪು ಬಟ್ಟೆ, ಬಿಸಿಲೇ ಕಾಣದೆ ಹೊಸದರಂತೆ ಹೊಳೆಯುತ್ತಿತ್ತು. ಮೇಷ್ಟ್ರ ಮುಖ ಸ್ವಲ್ಪ ಸಡಿಲವಾಯಿತು.

"ಎದ್ದು ನಿಲ್ಲಿ. ಉಸಿರು ಬಿಡಿ ಮೇಷ್ಟ್ರೇ. ಊದೋ ಎದೆ ಅದು, ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ?"

ಮೇಷ್ಟ್ರು ಉಸಿರು ಬಿಟ್ಟರು. ಟೇಪಮ್ಮ ಅಳೆದಳು. ಇನ್ನೊಮ್ಮೆ ಅಳೆದಳು. ಎಂಟು ವರ್ಷದ ಕೆಳಗೆ ಎರಡು ಬೆರಳು ಸಾಕಾಗುತ್ತಿತ್ತು. ಈಗ ಎರಡೂ ಕಡೆಯದು ಬಿಚ್ಚಿದರೂ ಇನ್ನೊಂದು ಅಂಗೈಯಷ್ಟು ಬೇಕು. ಆ ಬಣ್ಣದ ಬಟ್ಟೆ ಈಗ ಪೇಟೆಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಕೋಟು ಹೋದರೆ ಸಹಿ ಹೋಯಿತು, ಸಹಿ ಹೋದರೆ ಕಿಟಕಿ ಪಕ್ಕದ ಜಾಗ ಹೋಯಿತು.

ಸುಮ್ಮನೆ ಲೈನಿಂಗಿನ ಮೇಲೆ ಕೈಯಾಡಿಸಿದಳು. ಬೆನ್ನಿನ ಕೆಳಭಾಗದಲ್ಲಿ ಏನೋ ದಪ್ಪಗೆ ಸಿಕ್ಕಿತು. ಬಿಡಿಸಿ ನೋಡಿದರೆ ಅದೇ ಕೆಂಪು ಬಟ್ಟೆಯ ಉದ್ದನೆಯ ಪಟ್ಟಿ, ನೀಟಾಗಿ ಮಡಚಿ, ಒಳಗೆ ಸಣ್ಣ ಸಣ್ಣ ಟಾಕೆ ಹಾಕಿ ನಿಲ್ಲಿಸಿದ್ದು. ಟೇಪಮ್ಮ ಇಟ್ಟದ್ದಲ್ಲ. ಆದರೆ ಆ ಟಾಕೆ ಯಾರ ಕೈಯದೆಂದು ಅವಳು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲಳು. ಗಿರಾಕಿಯ ಉಳಿದ ಬಟ್ಟೆ ಗಿರಾಕಿಗೇ ಸೇರಬೇಕು ಎಂದು ಅವಳೇ ನಾದಿನಿಗೆ ಕಲಿಸಿದ್ದಳು. ಕೈಗೆ ಕೊಟ್ಟರೆ ಕಳೆಯುತ್ತಾರೆಂದು ನಾದಿನಿ ಕೋಟಿನೊಳಗೇ ಇಟ್ಟು ಹೊಲಿದಿದ್ದಳು, ಯಾರಿಗೂ ಹೇಳಿರಲಿಲ್ಲ.

"ಇದೇನು?" ಎಂದರು ಮೇಷ್ಟ್ರು.

"ನಿಮ್ಮ ಕೋಟು ಉಳೀತು ಮೇಷ್ಟ್ರೇ. ನಾನು ಉಳಿಸಿದ್ದಲ್ಲ. ನಮ್ಮ ನಾದಿನಿ."

"ಆ ಬಾಗಿಲ ಹತ್ತಿರ ಕೂತಿರ್ತಾರಲ್ಲ, ಯಾರು ಬಂದ್ರೂ ಎದ್ದು ನಿಲ್ತಾರಲ್ಲ, ಅವರಾ?"

"ಅವಳೇ. ನಾನು ಕೇಳ್ತಿರೋ ಒಂದಡಿನೂ ಅವಳಿಗೇ."

ಮೇಷ್ಟ್ರು ಆ ಕೆಂಪು ಪಟ್ಟಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಬೆನ್ನು ಬಿಚ್ಚಿದ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತು, "ಕಾಗದ ಎಲ್ಲಿ?" ಎಂದರು. ಹೆಂಡತಿ ತಂದುಕೊಟ್ಟ ಹಾಳೆಯಲ್ಲಿ ಒಪ್ಪಿಗೆ ಬರೆದು ಸಹಿ ಹಾಕಿ ಎದ್ದವರು, "ಮುಂದಿನ ಮೆರವಣಿಗೆಗೆ ಕೋಟು ಬೇಕು" ಎಂದು ಗತ್ತಿನಲ್ಲಿ ಹೇಳಲು ನೋಡಿದರು, ಗತ್ತು ಬರಲಿಲ್ಲ.

"ನಿಮ್ಮ ಎರಡೂ ಕೈ ಎತ್ತಿಸಿ ನೋಡೇ ಕೊಡ್ತೀನಿ" ಎಂದಳು ಟೇಪಮ್ಮ.

ಒಪ್ಪಿಗೆಯ ಕಾಗದ ಹಿಡಿದು ಮತ್ತೆ ಕಚೇರಿಗೆ ಹೋದಾಗ ಇಂಜಿನಿಯರ್ ಆ ದೊಡ್ಡ ಕಾಗದವನ್ನು ತಾವೇ ಅಳೆದು ಹಾಳೆಗೆ ಇಳಿಸಿಕೊಂಡಿದ್ದರು. ಚಿಕ್ಕ ಕೋಣೆ, ದಪ್ಪನೆಯ ಗೋಡೆ, ಒಳಗೆ ಪುಟ್ಟ ಪುಟ್ಟ ಅಕ್ಷರದಲ್ಲಿ ಟೇಬಲ್, ಬಾಗಿಲು, ಕಿಟಕಿ, ಮಷೀನು. ಟೇಪಮ್ಮ ಬಗ್ಗಿ ನೋಡಿ ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ನಾದಿನಿ ಅಂತ ಬರೀರಿ ಮೇಡಂ."

"ನಕ್ಷೆ ಮೇಲೆ ಮನುಷ್ಯರನ್ನ ಬರೆಯಲ್ಲಮ್ಮ. ಮಷೀನು ಅಂತ ಬರೆದಿದ್ದೀನಲ್ಲ."

"ಕಿಟಕಿ ಬರೆದಿದ್ದೀರಿ, ಟೇಬಲ್ಲು ಬರೆದಿದ್ದೀರಿ. ಅವುಗಳಿಗಿಂತ ಕಡೆನಾ ಅವಳು?"

ಇಂಜಿನಿಯರ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಎಷ್ಟೋ ಜನ ಆ ಮೇಜಿನ ಮುಂದೆ ಬಂದು ಅದು ಬಿಡಿ ಇದು ಬಿಡಿ ಎಂದು ಗೋಗರೆದಿದ್ದರು, ಒಬ್ಬರನ್ನು ಸೇರಿಸಿ ಎಂದು ಕೇಳಿದವರಿಲ್ಲ. ಪೆನ್ನು ತೆಗೆದು 'ನಾದಿನಿ' ಎಂದು ಬರೆದರು. ಮಂಜೂರಾಗಿ ಬಂದಾಗ ಗುಂಡು ಮೊಹರು ಆ ಅಕ್ಷರದ ಮಗ್ಗುಲಲ್ಲೇ ಬಿದ್ದಿತ್ತು.

ಮಳೆಗೆ ಮೊದಲೇ ಕೋಣೆ ಎದ್ದಿತು. ಮೇಸ್ತ್ರಿಯ ಪ್ರಾಣ ಹೋಗದೆ ಉಳಿದದ್ದೇ ದೊಡ್ಡದು, ಒಂದೊಂದು ಸಾಲು ಇಟ್ಟಿಗೆಗೂ ಟೇಪಮ್ಮ ಟೇಪು ಹಿಡಿದು ನಿಂತಿರುತ್ತಿದ್ದಳು. ಸುಣ್ಣ ಒಣಗುವ ಮೊದಲೇ ಮೂರು ಮಷೀನೂ ಒಳಗೆ ಬಂದವು. ಮಂಜೂರಾದ ನಕ್ಷೆಯನ್ನು ಕಂಡಕ್ಟರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, "ಸೀಟು ರಿಸರ್ವ್ ಆಯ್ತು ನೋಡಮ್ಮ" ಎಂದು ತಂಗಿಗೆ ಹೇಳಿ, ಇನ್ನೂ ಏನೋ ತಮಾಷೆ ಮಾಡಹೋಗಿ, ಮೂಗೊರೆಸಿಕೊಳ್ಳುತ್ತ ಹೊರಗೆ ಹೋದರು. ಕಿಟಕಿಯಾಚೆ ಎರಡಡಿ ಜಾಗ ದಾಟಿ ಮೇಷ್ಟ್ರ ತುತ್ತೂರಿ ಕೇಳುತ್ತಿತ್ತು.

ಮೊದಲ ದಿನ ಮೊದಲು ಬಂದ ಗಿರಾಕಿ ಪರದೆ ಬಟ್ಟೆಯ ದೊಡ್ಡ ಗಂಟು ಹೊತ್ತು ಬಂದಿದ್ದ. ಬಾಗಿಲಿಂದ ಟೇಬಲ್ಲಿಗೆ ಹೋಗಲು ಅಗಲವಾದ ದಾರಿಯೇ ಇತ್ತು. ಆದರೂ ಹಳೆಯ ರೂಢಿ, ಕಿಟಕಿಯ ಕಡೆಯಿಂದ ನುಗ್ಗುತ್ತ, "ಅಮ್ಮಾ, ಸ್ವಲ್ಪ ಸರೀತೀರಾ?" ಎಂದ.

ನಾದಿನಿಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಕೈ ಸ್ಟೂಲಿನ ಅಂಚು ಹಿಡಿಯಿತು, ಅವಳು ಅರ್ಧ ಎದ್ದೂ ಆಯಿತು. ಟೇಪಮ್ಮನ ಕತ್ತರಿ ಬಟ್ಟೆಯ ನಡುವೆ ನಿಂತಿತು. ನಾದಿನಿ ತಲೆಯೆತ್ತಿ ಗೋಡೆಯ ಮೇಲಿನ ನಕ್ಷೆ ನೋಡಿದಳು. ಒಂದು ಗಳಿಗೆ ನೋಡಿದಳು. ಆಮೇಲೆ ಕೂತಳು.

"ಆಗಲ್ಲ" ಎಂದಳು. "ಇದು ಮಂಜೂರಾಗಿರೋ ಜಾಗ. ನೀವೇ ಆ ಕಡೆಯಿಂದ ಬನ್ನಿ."

ಗಿರಾಕಿ ಗಂಟು ಹೊತ್ತುಕೊಂಡೇ ಇನ್ನೊಂದು ಸಲ ಕೇಳಿನೋಡಿದ. ಅವಳು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅವನು ಸುತ್ತಿಕೊಂಡು ಬಂದ. ಟೇಪಮ್ಮ ತಲೆ ತಗ್ಗಿಸಿ ಸೀಮೆಸುಣ್ಣದ ಗೆರೆ ಎಳೆಯಲು ಹೋದಳು, ಕಣ್ಣು ಮಂಜಾಗಿ ಗೆರೆ ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದಳು. ಕಿಟಕಿಯ ಪಕ್ಕದಲ್ಲಿ ನಾದಿನಿಯ ಮಷೀನು ಮತ್ತೆ ಓಡತೊಡಗಿತ್ತು.